ಮೊಳೆ ಹೊಡೆಯಕೂಡದು

ಗೊಣಗುವುದು ಸಜ್ಜನರ ಲಕ್ಷಣವಲ್ಲವೆಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದವರು ಬಹುಶಃ ಸ್ವಂತ ಮನೆಯುಳ್ಳವರಾಗಿದ್ದಿರಬೇಕು. ಬೆಂಗಳೂರಿನಲ್ಲಿ ಇಪ್ಪತ್ತಮೂರು ವರ್ಷ ಬಾಡಿಗೆಯ ಮನೆಗಳಲ್ಲಿಯೇ ಕಾಲ ಕಳೆದು, ಆರು ಸಲ ಪಾತ್ರೆ ಪದಾರ್ಥಗಳನ್ನು ಗಾಡಿಗೆ ಏರಿಸಿ ಇಳಿಸಿರುವ ನನ್ನಂಥವನಿಗೆ ಗೊಣಗಾಟವೊಂದೇ ಸ್ವಯಾರ್ಜಿತವಾದ ಆಸ್ತಿ. ಅದರಲ್ಲಿ ಸ್ವಲ್ಪವನ್ನು ಈ ದಿನ ವಾಚಕರೊಡನೆ ಹಂಚಿಕೊಳ್ಳುವೆನು. ಬಾಡಿಗೆದಾರರು ತಲೆದೂಗುವರು, ಮನೆಯ ಯಜಮಾನರು ಕ್ಷಮಿಸುವರೆಂದು ನಂಬಿದ್ದೇನೆ.

ಮನೆ ನೋಡುವ ಕಾರ್ಯವು ಹೆಣ್ಣು ನೋಡುವ ಕಾರ್ಯದಂತೆಯೇ ಸರಿ. ಭೇದವೇನೆಂದರೆ, ಇಲ್ಲಿ ಪರೀಕ್ಷೆಗೆ ಗುರಿಯಾಗುವವನು ನೋಡಲು ಹೋದವನು. ಯಾವ ಊರು, ಯಾವ ಜನ, ಎಲ್ಲಿ ಕೆಲಸ, ಊಟ ಎಂಥದು, ಮನೆಯಲ್ಲಿ ಎಷ್ಟು ಮಂದಿ, ನೆಂಟರು ಬರುವ ವಾಡಿಕೆಯುಂಟೆ, ಬಂದರೆ ಎಷ್ಟು ದಿನಕ್ಕೆ ಹೋಗುವರು, ಇವೆಲ್ಲಕ್ಕೂ ಕೈಕಟ್ಟಿಕೊಂಡು ಉತ್ತರ ಹೇಳಬೇಕು. ಕಡೆಯಲ್ಲಿ ನಾನು ಧೈರ್ಯ ತಂದುಕೊಂಡು, “ನೀರು ಚೆನ್ನಾಗಿ ಬರುತ್ತದೆಯೆ?” ಎಂದು ಒಂದೇ ಒಂದು ಪ್ರಶ್ನೆ ಹಾಕಿದರೆ, “ಇಷ್ಟವಿದ್ದರೆ ನೋಡಿ, ಇನ್ನೂ ನಾಲ್ಕು ಜನ ಕೇಳಿ ಹೋಗಿದ್ದಾರೆ” ಎಂಬ ಉತ್ತರ ದೊರೆಯುವುದು.

ಮುಂಗಡವಾಗಿ ಹತ್ತು ತಿಂಗಳ ಬಾಡಿಗೆಯನ್ನು ಇಡಬೇಕೆಂಬುದು ಈ ಊರಿನ ಬಹುಕಾಲದ ಸಂಪ್ರದಾಯ. ಮನೆ ಬಿಡುವಾಗ ಸುಣ್ಣಬಣ್ಣದ ನೆಪದಲ್ಲಿ ಒಂದು ತಿಂಗಳಿನದನ್ನು ಮುರಿದುಕೊಳ್ಳುವುದು ಅದಕ್ಕೆ ಸೇರಿದ ಉಪಸಂಪ್ರದಾಯ. ಇನ್ನು ಕರಾರು ಪತ್ರದ ಅವಧಿ ಹನ್ನೊಂದು ತಿಂಗಳು. ಒಂದು ವರ್ಷವನ್ನು ಮೀರಿದ ಕರಾರನ್ನು ನೋಂದಾಯಿಸತಕ್ಕದ್ದೆಂದು 1908ನೆಯ ಇಸವಿಯ ನೋಂದಣಿ ಕಾನೂನು ವಿಧಿಸಿರುವುದರಿಂದ, ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಿಕೊಳ್ಳಲು ಜನರು ಹನ್ನೊಂದರಲ್ಲಿಯೇ ನಿಲ್ಲುತ್ತಾರೆ. ನನ್ನ ಮಗಳು ಚಿಕ್ಕವಳಾಗಿದ್ದಾಗ ಈ ಪತ್ರವನ್ನು ಓದಿ, “ಅಪ್ಪಾ, ಹನ್ನೆರಡನೆಯ ತಿಂಗಳು ನಾವು ಎಲ್ಲಿರುತ್ತೇವೆ?” ಎಂದು ಕೇಳಿದಳು. ಹುಡುಗಿಯ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಹೇಳಿಲ್ಲ.

ಆರು ಮನೆಗಳ ಆರು ಪತ್ರಗಳಲ್ಲಿಯೂ ಒಂದು ವಾಕ್ಯ ಮಾತ್ರ ಅಕ್ಷರವೂ ಬದಲಾಗದೆ ಇದ್ದಿತು: ಗೋಡೆಗೆ ಮೊಳೆ ಹೊಡೆಯಕೂಡದು. ನಮ್ಮ ತಂದೆಯವರದೊಂದು ಭಾವಚಿತ್ರವಿದೆ. ಅವರು ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದವರು. ನಿವೃತ್ತಿಯ ದಿನ ತೆಗೆಸಿದ ಚಿತ್ರ. ದಪ್ಪನೆಯ ಚೌಕಟ್ಟು, ಬಹಳ ಭಾರ. ಜೀವಮಾನದಲ್ಲಿ ಯಾವ ಗೋಡೆಗೂ ಒರಗಿ ನಿಂತವರಲ್ಲ ಅವರು. ತೀರಿಕೊಂಡ ಮೇಲೆ ಹದಿನಾರು ವರ್ಷಗಳಿಂದ ಕಬ್ಬಿಣದ ಪೆಟ್ಟಿಗೆಯ ಮೇಲೆ, ಯಾರು ಯಾರದೋ ಗೋಡೆಗೆ ಒರಗಿಯೇ ನಿಂತಿದ್ದರು. ಶುಕ್ರವಾರ ಹೂವಿಡುವಾಗಲೆಲ್ಲ ನನ್ನ ಹೆಂಡತಿ ಒಂದು ಸಲ ನನ್ನ ಮುಖ ನೋಡುವಳು; ನಾನು ಕಿಟಕಿಯ ಹೊರಗೆ ನೋಡುವೆನು.

ಪ್ರಯಾಣದ ಮಾತಿಗೆ ಬರೋಣ. ನನ್ನ ಕಚೇರಿ ಚಾಮರಾಜಪೇಟೆಯಲ್ಲಿದೆ. ವಿಜಯನಗರದಲ್ಲಿದ್ದಾಗ, 2015ನೆಯ ಇಸವಿ ನವೆಂಬರಿನಲ್ಲಿ, ನಮ್ಮ ಬಡಾವಣೆಗೆ ಮೆಟ್ರೋ ರೈಲು ಬಂದಿತು. ಮನೆಯಿಂದ ನಿಲ್ದಾಣಕ್ಕೆ ಹತ್ತೇ ನಿಮಿಷದ ದಾರಿ. ನಾವು ಸಂತೋಷಪಟ್ಟು ಮುಗಿಯುವುದರೊಳಗಾಗಿ ಹನ್ನೊಂದು ತಿಂಗಳು ಮುಗಿದುವು. “ರೈಲು ಬಂದಿದೆಯಲ್ಲ ಸ್ವಾಮಿ” ಎಂದು ಅಂದಿನ ಯಜಮಾನರು ಬಾಡಿಗೆಯನ್ನು ಏರಿಸಿದರು. ನಾವು ಸುಂಕದಕಟ್ಟೆಯಿಂದಾಚೆಗೆ ಹೊರಟೆವು. ಹೀಗೆ ರೈಲು ಬಂದುದರಿಂದ ನನಗಾದ ಪ್ರಯೋಜನವೆಂದರೆ ಮಾಗಡಿ ರಸ್ತೆಯ ಬಸ್ಸು. ಸುಮನಹಳ್ಳಿಯ ಕೂಡುರಸ್ತೆಯಲ್ಲಿ ಸಾಯಂಕಾಲ ವಾಹನಗಳು ನಿಂತರೆ, ಒಂದು ಕೈಯಲ್ಲಿ ಕಂಬಿಯನ್ನೂ ಮತ್ತೊಂದರಲ್ಲಿ ಊಟದ ಡಬ್ಬಿಯನ್ನೂ ಹಿಡಿದು, ಪಕ್ಕದವನ ದೂರವಾಣಿಯೊಳಗಿನ ಸಿನಿಮಾ ಹಾಡನ್ನು ಕೇಳುತ್ತ ಇಡೀ ಸಂಸಾರವನ್ನು ಪರಾಮರ್ಶಿಸುವಷ್ಟು ಅವಕಾಶ ದೊರೆಯುವುದು.

ಈಗಿನದು ಮೂರು ಅಂತಸ್ತಿನ ಮನೆ. ಕೆಳಗೆ ಯಜಮಾನರು, ನಡುವೆ ನಾವು, ಮೇಲೆ ಮತ್ತೊಂದು ಬಾಡಿಗೆಯ ಸಂಸಾರ. ನೀರಿನ ಯಂತ್ರದ ಗುಂಡಿ ಯಜಮಾನರ ಪಡಸಾಲೆಯಲ್ಲಿದೆ. ಕಾವೇರಿಯು 1974ರಿಂದ ಸುಮಾರು ನೂರು ಕಿಲೋಮೀಟರ್ ದೂರವನ್ನು ಕ್ರಮಿಸಿ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿ ಬೆಂಗಳೂರಿಗೆ ಬರುತ್ತಿದ್ದಾಳೆ. ಅಷ್ಟು ದೂರ ಬಂದ ತಾಯಿ ನೆಲದ ತೊಟ್ಟಿಯಿಂದ ಮಾಳಿಗೆಯ ತೊಟ್ಟಿಗೆ ಏರಬೇಕಾದರೆ ಯಜಮಾನರ ಮಧ್ಯಾಹ್ನದ ನಿದ್ರೆ ಮುಗಿಯಬೇಕು. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಊರೆಲ್ಲ ನೀರಿನ ಲಾರಿಗಳಿಗೆ ಕಾದು ನಿಂತಿದ್ದಾಗ, ಬಿಂದಿಗೆಗಳ ಲೆಕ್ಕದಲ್ಲಿ ಮೇಲಿನ ಮನೆಯವರಿಗೂ ನಮಗೂ ಮನಸ್ತಾಪ ಹುಟ್ಟಿತು. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಮುಗುಳ್ನಗೆಯೂ ಇಲ್ಲ.

ಇಂಥ ಸಮಯದಲ್ಲಿ ಆರಂಭವಾಯಿತು, ಕುರ್ಚಿಯ ಸದ್ದು. ರಾತ್ರಿ ಹನ್ನೊಂದಕ್ಕೆ ಒಮ್ಮೆ, ಒಂದು ಗಂಟೆಗೆ ಒಮ್ಮೆ, ಮೂರಕ್ಕೆ ಮತ್ತೊಮ್ಮೆ, ನಮ್ಮ ತಲೆಯ ಮೇಲೆಯೇ ಯಾರೋ ಕುರ್ಚಿಯನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆಯುತ್ತಿದ್ದರು. ಎಳೆದು, ನಿಂತು, ಪುನಃ ಎಳೆಯುವುದು. ಹದಿನೈದು ದಿನ ಸಹಿಸಿದೆನು. ಹದಿನಾರನೆಯ ರಾತ್ರಿ ಮಂಚದ ಮೇಲೆ ನಿಂತು ಪೊರಕೆಯ ಹಿಡಿಯಿಂದ ಚಾವಣಿಯನ್ನು ಗುದ್ದಿದೆನು. ಮರುದಿನ ಬಟ್ಟೆ ಒಣಹಾಕುವಾಗ ನನ್ನ ಹೆಂಡತಿಯೂ ಮೇಲಿನಾಕೆಗೆ ನಾಲ್ಕು ಮಾತು ಆಡಿದಳು. ಆಕೆ ಪ್ರತ್ಯುತ್ತರ ಕೊಡದೆ ತಲೆ ತಗ್ಗಿಸಿಕೊಂಡು ಹೋದಳಂತೆ. ಆ ರಾತ್ರಿ ಸದ್ದಿಲ್ಲ. ಮಾರನೆಯ ರಾತ್ರಿಯೂ ಇಲ್ಲ. ಜಯಶಾಲಿಯಾದೆನೆಂದು ನಾನು ಸುಖವಾಗಿ ನಿದ್ರಿಸಿದೆನು.

ಮೂರನೆಯ ರಾತ್ರಿ ಒಂದು ಗಂಟೆಗೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು; ಹಿಂದೆಯೇ ಹೆಂಗಸಿನ ಕೂಗು. ಓಡಿ ಹೋಗಿ ನೋಡುತ್ತೇನೆ: ಸ್ನಾನದ ಕೋಣೆಯ ನೆಲದ ಮೇಲೆ ಎಂಬತ್ತರ ಸಮೀಪದ ವೃದ್ಧರೊಬ್ಬರು ಬಿದ್ದಿದ್ದಾರೆ. ಮೇಲಿನ ಮನೆಯಲ್ಲಿ ಅಂಥವರೊಬ್ಬರು ಇದ್ದಾರೆಂಬುದೇ ನನಗೆ ತಿಳಿದಿರಲಿಲ್ಲ. ನನ್ನನ್ನು ಕಂಡು ಅವರು ಆಡಿದ ಮೊದಲ ಮಾತು, “ಸದ್ದಾಯಿತೆ ಸ್ವಾಮಿ? ನಿಮ್ಮ ನಿದ್ದೆ ಕೆಟ್ಟಿತು.”

ಮಗನೂ ನಾನೂ ಅವರನ್ನು ಎತ್ತಿ ಕೆಳಗಿಳಿಸಿ ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಮಣಿಕಟ್ಟಿನ ಮೂಳೆ ಬಿರಿದಿತ್ತು. ದೇವರ ದಯೆಯಿಂದ ಸೊಂಟಕ್ಕೆ ಏನೂ ಆಗಿರಲಿಲ್ಲ. ಬೆಳಗಾಗುವವರೆಗೆ ಬೆಂಚಿನ ಮೇಲೆ ಕುಳಿತಿದ್ದಾಗ ಮಗನು ಸಂಗತಿಯನ್ನು ತಿಳಿಸಿದನು. ಊರಿನಲ್ಲಿ ನೋಡಿಕೊಳ್ಳುವವರಿಲ್ಲದೆ ತಂದೆಯನ್ನು ಕರೆತಂದಿದ್ದನು. ಅವರಿಗೆ ಮಂಡಿಯಲ್ಲಿ ಬಲವಿಲ್ಲ. ರಾತ್ರಿ ಏಳಬೇಕಾದಾಗ ಮಗನನ್ನು ಎಬ್ಬಿಸಲು ಸಂಕೋಚಪಟ್ಟು, ಕುರ್ಚಿಯನ್ನು ಮುಂದೆ ತಳ್ಳುತ್ತ ಅದರ ಆಸರೆಯಲ್ಲಿ ನಡೆಯುತ್ತಿದ್ದರು. ಕೆಳಗಿನವರು ಬೇಸರಪಟ್ಟರೆಂದು ತಿಳಿದ ಮೇಲೆ ಕುರ್ಚಿಯನ್ನು ಬಿಟ್ಟು ಗೋಡೆಯನ್ನು ಹಿಡಿದು ನಡೆದರು. “ಸ್ನಾನದ ಕೋಣೆಗೆ ಒಂದು ಹಿಡಿಕಂಬಿ ಹಾಕಿಸುತ್ತೇನೆಂದು ಯಜಮಾನರನ್ನು ಕೇಳಿದ್ದೆ. ಗೋಡೆ ಕೊರೆಯಕೂಡದೆಂದು ಕರಾರಿನಲ್ಲಿದೆ ಎಂದರು” ಎಂದನು. ಅವನ ಮಾತಿನಲ್ಲಿ ನನ್ನ ಮೇಲೆ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಇಬ್ಬರೂ ಯಜಮಾನರ ಬಳಿಗೆ ಹೋದೆವು. ಅವರು ಕೆಟ್ಟವರಲ್ಲ, ನಿವೃತ್ತಿಯ ಹಣವನ್ನೂ ಸಾಲವನ್ನೂ ಕೂಡಿಸಿ ಈ ಮನೆಯನ್ನು ಕಟ್ಟಿಸಿದವರು. ಹಿಂದಿನ ಬಾಡಿಗೆದಾರನೊಬ್ಬನು ಹೆಂಚು ಬಿಲ್ಲೆಗಳನ್ನು ಒಡೆದು, ನೀರು ಗೋಡೆಯೊಳಗೆ ಇಳಿದು, ರಿಪೇರಿಗೆ ಬಹಳ ಹಣ ತೆತ್ತಿದ್ದರು. “ಕಂಬಿ ಎಂದರೇ ಹೊರತು ಇಷ್ಟು ಅಶಕ್ತರಿದ್ದಾರೆಂದು ಯಾರೂ ಹೇಳಲಿಲ್ಲವಲ್ಲ” ಎಂದರು. ನಿಜ, ವೃದ್ಧರಿದ್ದಾರೆಂದರೆ ಎಲ್ಲಿ ಮನೆ ಬಿಡಿ ಎನ್ನುವರೋ ಎಂದು ಮಗನು ಹೆದರಿದ್ದನು. ಹೇಳಿಕೊಳ್ಳಲು ಅವನಿಗೆ ಭಯ, ಕೇಳಲು ಇವರಿಗೆ ಅನುಮಾನ, ನಡುವೆ ಪೊರಕೆ ಹಿಡಿದು ನಿಂತವನು ನಾನು. ಯಜಮಾನರು ತಾವೇ ಮೆಟ್ಟಿಲೇರಿ ಹೋಗಿ, ಕೈಗೆ ಕಟ್ಟು ಹಾಕಿಸಿಕೊಂಡು ಕುಳಿತಿದ್ದ ವೃದ್ಧರನ್ನು ನೋಡಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಕೆಲಸದವನಿಗೆ ಹೇಳಿಕಳುಹಿಸಿದರು. ಎರಡು ಹಿಡಿಕಂಬಿಗಳು, ಎಂಟು ತೂತುಗಳು. ಕಂಬಿಯ ಬೆಲೆಯನ್ನು ಮಗನು ಕೊಟ್ಟನು, ಕೂಲಿಯನ್ನು ನಾನು ಕೊಟ್ಟೆನು, ತೂತುಗಳನ್ನು ಯಜಮಾನರು ಕೊಟ್ಟರು.

ಕೊರೆಯುವ ಯಂತ್ರದೊಡನೆ ಕೆಲಸದವನು ಇಳಿದು ಬರುವಾಗ ಯಜಮಾನರು ನಮ್ಮ ಬಾಗಿಲಲ್ಲಿ ನಿಂತು, “ನಿಮ್ಮಲ್ಲಿಯೂ ಏನಾದರೂ ಇದೆಯೆ?” ಎಂದರು. ಹದಿನಾರು ವರ್ಷ ಮನಸ್ಸಿನಲ್ಲಿಯೇ ಗೊಣಗಿದ್ದ ನಾನು, ಬಾಯಿಂದ ಒಮ್ಮೆಯೂ ಕೇಳದವನು, ಆಗಲೂ “ಏನಿಲ್ಲ” ಎನ್ನುವುದರಲ್ಲಿದ್ದೆನು. ನನ್ನ ಹೆಂಡತಿ ಒಳಗಿನಿಂದ, “ಇದೆ, ಒಂದು ಮೊಳೆ” ಎಂದಳು. ತಂದೆಯವರು ಈಗ ಗೋಡೆಯ ಮೇಲಿದ್ದಾರೆ.

ಗೊಣಗುವುದನ್ನು ನಾನು ಬಿಟ್ಟಿಲ್ಲ. ಕರಾರಿನಲ್ಲಿ ಇನ್ನು ಐದೇ ತಿಂಗಳು ಉಳಿದಿವೆ. ಬಾಡಿಗೆ ಏರುವುದು ಖಂಡಿತ. ಬಸ್ಸಿನಲ್ಲಿ ನಿಲ್ಲುವುದು ತಪ್ಪಿಲ್ಲ. ಕಾವೇರಿಯು ಈಗಲೂ ಯಜಮಾನರ ನಿದ್ರೆಗಾಗಿ ಕಾದಿರುತ್ತಾಳೆ. ಆದರೆ ತಲೆಯ ಮೇಲೆ ಸದ್ದಾದರೆ, ಪೊರಕೆಗೆ ಕೈ ಹಾಕುವುದಕ್ಕೆ ಮೊದಲು ಒಂದು ಸಲ ಮೇಲೆ ಹೋಗಿ ನೋಡಿ ಬರುವುದೆಂದು ಗೊತ್ತುಮಾಡಿಕೊಂಡಿದ್ದೇನೆ. ಎಣಿಸಿ ನೋಡಿದೆನು, ಹದಿನಾಲ್ಕೇ ಮೆಟ್ಟಿಲು.