ತಲೆ ಹಿಡಿದುಕೊಂಡವರು

ಮಾವ ಅಡಿಕೆ ಮರದಿಂದ ಬಿದ್ದಾಗ ನಾನು ತೋಟದ ಅಂಚಲ್ಲಿ ನಿಂತು ಆಫೀಸಿನ ಕಾಲ್‌ನಲ್ಲಿದ್ದೆ. ಶಿರಸಿ ಕಡೆ ಈಗ ಕೊನೆಗೌಡರು ಸಿಗೋದೇ ಕಷ್ಟ. ಕಾದು ಕಾದು ಬೇಜಾರಾಗಿ, ಐವತ್ತು ದಾಟಿದ ಮಾವ ತಾವೇ ಕಾಲಿಗೆ ತಳೆ ಹಾಕ್ಕೊಂಡು ಹತ್ತಿದ್ದರು.

ಆಮೇಲೆ ನಾವು ಮಾಡಿದ್ದು ಊರಲ್ಲಿ ಎಲ್ಲರೂ ಮಾಡೋದನ್ನೇ. ಇಬ್ಬರು ಕಂಕುಳಿಗೆ ಕೈ ಹಾಕಿದೆವು, ಇಬ್ಬರು ಕಾಲು ಹಿಡಿದರು. ತಲೆಯನ್ನ ಯಾರೂ ಹಿಡೀಲಿಲ್ಲ, ಅದು ಹಿಂದಕ್ಕೆ ಜೋತು ಬಿದ್ದಿತ್ತು. ಬಾಯಿಗೆ ನೀರು ಬಿಟ್ಟೆವು. ಓಮ್ನಿಯ ಹಿಂದಿನ ಸೀಟಲ್ಲಿ ಮಡಚಿ ಮಲಗಿಸಿ, ಹೊಂಡದ ರಸ್ತೆಯಲ್ಲಿ ಮುಕ್ಕಾಲು ಗಂಟೆ. ಬಿಇ ಓದಿದ ನನಗೂ ಸೇರಿ ಒಬ್ಬರಿಗೂ 108ಕ್ಕೆ ಫೋನ್ ಮಾಡೋದು ಹೊಳೀಲಿಲ್ಲ.

ಮೊದಲ ಆಸ್ಪತ್ರೆಯಲ್ಲಿ ಕೊರಳಿಗೆ ಗಟ್ಟಿ ಪಟ್ಟಿ ಕಟ್ಟಿ, ಆಂಬುಲೆನ್ಸಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಗೆ ಮುಟ್ಟೋ ಹೊತ್ತಿಗೆ ಮಾವನ ಉಸಿರಾಟ ವಿಚಿತ್ರ ಆಗಿತ್ತು. ಎದೆ ಏಳ್ತಿರಲಿಲ್ಲ, ಹೊಟ್ಟೆ ಮಾತ್ರ ಏರಿ ಇಳೀತಿತ್ತು. ‘ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಬೇಕು’ ಅಂತ ಸಹಿ ಹಾಕಿಸಿಕೊಂಡರು. ಬಾಗಿಲು ಮುಚ್ಚೋ ಮುಂಚೆ ನಾನು ಕಂಡಿದ್ದು ಎರಡೇ. ಒಬ್ಬರು ಮಾವನ ತಲೆಯನ್ನ ಎರಡೂ ಕಿವಿ ಹತ್ತಿರ ಅಂಗೈಯಲ್ಲಿ ಹಿಡ್ಕೊಂಡು ಕಲ್ಲಿನ ಹಾಗೆ ನಿಂತಿದ್ದರು. ಇನ್ನೊಬ್ಬರು ಆ ಕೊರಳ ಪಟ್ಟಿಯನ್ನ ಮುಂದಿನಿಂದ ಬಿಚ್ಚುತ್ತಿದ್ದರು.

ನನಗೆ ಸಿಟ್ಟೇ ಬಂತು. ಕುತ್ತಿಗೆ ಕಾಪಾಡೋಕೆ ಅಂತ ಕಟ್ಟಿದ್ದನ್ನ ಈ ಹೊತ್ತಲ್ಲಿ ಯಾರಾದ್ರೂ ಬಿಚ್ಚುತ್ತಾರಾ?

ರಾತ್ರಿ ಅರಿವಳಿಕೆ ಡಾಕ್ಟರ್ ಹೊರಗೆ ಬಂದಾಗ ಅದನ್ನೇ ಕೇಳಿದೆ. ಪಾಪ, ಸುಸ್ತಾಗಿದ್ದರು. ಆದ್ರೂ ಕೂತು ಹೇಳಿದರು. ಪಟ್ಟಿ ಇದ್ರೆ ಬಾಯಿ ಸರಿಯಾಗಿ ತೆಗೆಯೋಕಾಗಲ್ಲ, ಬಾಯಿ ತೆಗೀದೆ ಟ್ಯೂಬ್ ಹೋಗಲ್ಲ. ಅದಕ್ಕೇ ಆ ಕೆಲವು ನಿಮಿಷ ಪಟ್ಟಿಯ ಕೆಲಸವನ್ನ ಒಬ್ಬ ಮನುಷ್ಯನ ಎರಡು ಕೈ ಮಾಡುತ್ತೆ. ಹಿಡಿಯೋದು ಅಷ್ಟೇ, ಎಳೆಯೋ ಹಾಗಿಲ್ಲ. ಎಳೆದರೆ ಮುರಿದ ಜಾಗ ಇನ್ನೂ ಬಿಟ್ಟುಕೊಳ್ಳಬಹುದು.

ಬೇರೆ ರೋಗಿಗಳಿಗಾದ್ರೆ ತಲೆ ಹಿಂದಕ್ಕೆ ಬಾಗಿಸ್ತಾರೆ. ಆಗ ಬಾಯಿಂದ ಶ್ವಾಸನಾಳದ ತನಕ ನೋಟ ಸಲೀಸಾಗಿ ಹೋಗುತ್ತೆ. ಕುತ್ತಿಗೆ ಪೆಟ್ಟಿನ ಅನುಮಾನ ಇದ್ರೆ ಆ ದಾರಿ ಬಂದ್. ದವಡೆಯನ್ನ ಮಾತ್ರ ಮುಂದಕ್ಕೆ ಎತ್ತುತ್ತಾರೆ. ಮೊದಲು ಮಾಸ್ಕಲ್ಲಿ ಆಕ್ಸಿಜನ್ ತುಂಬಿಸಿ, ನಿದ್ದೆಯ ಔಷಧಿ, ಸ್ನಾಯು ಸಡಿಲ ಮಾಡೋ ಔಷಧಿ ಕೊಡ್ತಾರೆ. ಕೆಮ್ಮಿ ಒದ್ದಾಡಿದರೆ ಕುತ್ತಿಗೆ ಅಲ್ಲಾಡುತ್ತಲ್ಲ! ತುದಿಯಲ್ಲಿ ಕ್ಯಾಮೆರಾ ಇರೋ ಉಪಕರಣದಲ್ಲಿ ನೋಡ್ತಾರೆ, ತಿರುವಿನ ಆಚೆಗಿದ್ದದ್ದು ಸ್ಕ್ರೀನಲ್ಲಿ ಕಾಣುತ್ತೆ. ‘ನಿಮ್ಮ ಮಾವನಿಗೆ ಅಂಚು ಮಾತ್ರ ಕಂಡಿತು. ಅಷ್ಟು ಸಾಕು. ಪೂರ್ತಿ ಕಾಣಲಿ ಅಂತ ಹಠ ಹಿಡಿದ್ರೆ ಜಾಸ್ತಿ ಎತ್ತಬೇಕಾಗುತ್ತೆ’ ಅಂದರು. ಅಂಥ ಹೊತ್ತಲ್ಲಿ ಬೂಜಿ ಅನ್ನೋ ತೆಳ್ಳಗಿನ, ಬಾಗೋ ಕಡ್ಡಿಯನ್ನ ಮೊದಲು ತೂರಿಸಿ, ಅದರ ಮೇಲಿಂದ ಟ್ಯೂಬ್ ಜಾರಿಸ್ತಾರಂತೆ. ಉಸಿರಲ್ಲಿ ಕಾರ್ಬನ್ ಡೈಆಕ್ಸೈಡ್ ಬರೋದು ಮಾನಿಟರಲ್ಲಿ ಅಲೆ ಅಲೆಯಾಗಿ ಕಂಡಮೇಲೇ ಟ್ಯೂಬ್ ಸರಿ ಜಾಗದಲ್ಲಿದೆ ಅಂತ ಲೆಕ್ಕ. ಎಚ್ಚರದಲ್ಲೇ ಗಂಟಲು ಮರಗಟ್ಟಿಸಿ ಹಾಕೋ ವಿಧಾನವೂ ಇದೆ, ಆದ್ರೆ ಅದಕ್ಕೆ ರೋಗಿ ಸಹಕರಿಸಬೇಕು, ಪುರುಸೊತ್ತೂ ಬೇಕು. ಇಲ್ಲಿ ಎರಡೂ ಇರಲಿಲ್ಲ.

‘ಹಾಗಾದ್ರೆ ಕುತ್ತಿಗೆ ಒಂಚೂರೂ ಅಲ್ಲಾಡಲಿಲ್ವಾ ಡಾಕ್ಟ್ರೇ?’

‘ಅಲ್ಲಾಡೇ ಅಲ್ಲಾಡುತ್ತೆ. ನಾವು ಕಮ್ಮಿ ಮಾಡಬಹುದು, ಅಷ್ಟೇ. ಕುತ್ತಿಗೆಗೆ ಹೆದರಿ ಉಸಿರು ತಡ ಮಾಡಿದ್ರೆ ಮೊದಲು ಹೋಗೋದು ಮಿದುಳು. ಪೆಟ್ಟು ಬಿದ್ದ ಬಳ್ಳಿಗೂ ಆಕ್ಸಿಜನ್ ಬೇಕಲ್ಲ?’

ಬಳ್ಳಿ ಅಂದ್ರೆ ಮಿದುಳುಬಳ್ಳಿ. ಕೇಸ್‌ಶೀಟಿನ ಹಿಂದೆ ಏಳು ಚೌಕ ಬರೆದು ತೋರಿಸಿದರು. ಕುತ್ತಿಗೆಯ ಮೂಳೆ ಏಳು. ಮೂರು, ನಾಲ್ಕು, ಐದರ ಮಟ್ಟದಿಂದ ಹೊರಡೋ ನರ ವಪೆಯನ್ನ ನಡೆಸುತ್ತೆ. ಪಕ್ಕೆಲುಬಿನ ಸ್ನಾಯುಗಳ ನರ ಅದಕ್ಕಿಂತ ಕೆಳಗಿನವು. ಪೆಟ್ಟು ಐದರ ಕೆಳಗೆ ಬಿದ್ದರೆ ವಪೆ ಕೆಲಸ ಮಾಡುತ್ತೆ, ಎದೆ ನಿಲ್ಲುತ್ತೆ. ಮಾವನ ಹೊಟ್ಟೆ ಮಾತ್ರ ಯಾಕೆ ಆಡ್ತಿತ್ತು ಅಂತ ಆಗ ಅರ್ಥ ಆಯ್ತು.

ಅಷ್ಟೆಲ್ಲ ಕೇಳಿದವನು ಕೇಳಬೇಕಾದ್ದನ್ನ ಕೊನೆಗೆ ಕೇಳಿದೆ. ನಾವು ಎತ್ತಿದ್ದರಿಂದಾನೇ ಹೀಗಾಯ್ತಾ?

‘ಬಿದ್ದಾಗಲೇ ಆಗಿರಬಹುದು, ಎತ್ತಿದಾಗ ಜಾಸ್ತಿ ಆಗಿರಬಹುದು. ಅದನ್ನ ಈಗ ಯಾರೂ ಹೇಳೋಕಾಗಲ್ಲ’ ಅಂದು ಪೆನ್ನು ಜೇಬಿಗಿಟ್ಟು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿ, ‘ಇನ್ನೊಮ್ಮೆ ಹೀಗಾದ್ರೆ ಎತ್ತಬೇಡಿ. ನೀರೂ ಬೇಡ. 108 ಬರೋ ತನಕ ತಲೆ ಹಿಡ್ಕೊಂಡು ಕೂತಿರಿ. ವಾಂತಿ ಆದ್ರೆ ತಲೆ, ಮೈ ಎಲ್ಲಾ ಒಟ್ಟಿಗೇ ಮಗ್ಗುಲಿಗೆ ಹೊರಳಿಸಿ’ ಅಂದರು.

ಆಪರೇಷನ್ ಆಯ್ತು, ಕೆಲವು ವಾರ ಆದ್ಮೇಲೆ ಟ್ಯೂಬೂ ಹೊರಗೆ ಬಂತು. ಈಗ ಮಾವ ವಾಕರ್ ಹಿಡಿದು ಅಂಗಳದ ತನಕ ಬರ್ತಾರೆ. ಬೆರಳಿಗೆ ಬಲ ಇಲ್ಲ, ಕವಳ ಹಾಕೋಕೆ ಅತ್ತೆ ಎಲೆ ಮಡಚಿ ಕೊಡಬೇಕು.

ಹೋದ ಸಲ ಊರಿಗೆ ಹೋದಾಗ ಜಗಲಿ ಮೇಲೆ ಕೂತಿದ್ದೆವು. ಮಾವ ಇದ್ದಕ್ಕಿದ್ದಂತೆ, ‘ಆವತ್ತಿಂದು ಎಂತದೂ ನೆನಪಿಲ್ಲ ಮಾರಾಯ. ಯಾರೋ ಕಿವಿ ಹತ್ರ ಬೆಚ್ಚಗೆ ಕೈ ಇಟ್ಕಂಡಿದ್ದು ಒಂದು ನೆನಪು. ಅದು ನೀನೇ ಅಲ್ವನೋ?’ ಅಂದರು.

ಅತ್ತೆ ಚಾ ತಂದರು. ನಾನು ಲೋಟ ತಗೊಂಡೆ.