ದೊಡ್ಡಪ್ಪ ನೋಡಿದ ನಾಗರಹಾವು

ಬೆಂಗಳೂರಿನ ಗ್ರಂಥಾಲಯವೊಂದರ ಸಿನಿಮಾ ಪಟ್ಟಿಯನ್ನು ಲ್ಯಾಪ್‌ಟಾಪಿಗೆ ತುಂಬಿಕೊಂಡು ಈ ಸಲ ಕೊಂಡ್ಲಹಳ್ಳಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಮೂಟೆಗೆ ಒರಗಿ ಕೂತು, ಪಟ್ಟಿಯ ಒಂದೊಂದು ಸಿನಿಮಾಕ್ಕೂ ಅಂತರ್ಜಾಲದ ವಿಕಿಡೇಟಾ ಎಂಬ ಮಾಹಿತಿಕೋಶದಲ್ಲಿ ಜೋಡಿ ಹುಡುಕುವುದು ನನ್ನ ಕೆಲಸ. ಎದುರಿಗೆ ಶೇಂಗಾ ಸುಲಿಯುತ್ತಿದ್ದ ದೊಡ್ಡಪ್ಪ, “ಅದೇನಪ್ಪಾ ಹೊತ್ತಾರೆಯಿಂದ?” ಎಂದರು.

“ನಮ್ಮತ್ರ ಇರೋ ಸಿನಿಮಾ, ಅಲ್ಲಿರೋ ಸಿನಿಮಾ ಎರಡೂ ಒಂದೇನಾ ಅಂತ ನೋಡೋದು ದೊಡ್ಡಪ್ಪ.”

“ಹಂಗಾರೆ ಜಾತಕ ಕೂಡಿಸೋದು ಅನ್ನು.”

ಮಾತು ಸುಳ್ಳಲ್ಲ. ಹೆಸರು, ಇಸವಿ, ನಿರ್ದೇಶಕ, ಎಷ್ಟು ನಿಮಿಷದ ಚಿತ್ರ ಎಂದು ಒಂದೊಂದೇ ಕೂಟ ನೋಡಿ, ಓಪನ್‌ರಿಫೈನ್ ಎಂಬ ತಂತ್ರಾಂಶ ಅಂಕ ಕೊಟ್ಟು ವರಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಒಪ್ಪಿಗೆಯಾದರೆ ಒಂದು ಟಿಕ್ ಒತ್ತಬೇಕು. ಪಕ್ಕದಲ್ಲೇ ಜೋಡಿ ಟಿಕ್ ಇದೆ. ಕೈತಪ್ಪಿ ಅದನ್ನು ಒತ್ತಿದರೆ ಆ ಹೆಸರಿನವರಿಗೆಲ್ಲ ಸಾಮೂಹಿಕ ವಿವಾಹ.

ನನ್ನ ಕೆಲಸ ನಿಂತದ್ದು ‘ನಾಗರಹಾವು’ ಬಂದಾಗ. ನಮ್ಮ ಪಟ್ಟಿಯಲ್ಲಿದ್ದದ್ದು ವಿಸಿಡಿ. ಗ್ರಂಥಾಲಯದವರು ಡಿಸ್ಕ್ ಹೊರಬಂದ ಇಸವಿ ಬರೆಯುತ್ತಾರೆಯೇ ಹೊರತು ಸಿನಿಮಾ ತೆರೆಕಂಡದ್ದನ್ನಲ್ಲ, ಹಾಗಾಗಿ 2004. ಪುಟ್ಟಣ್ಣ ಕಣಗಾಲರ ನಾಗರಹಾವು 1972ರದು. 2016ರಲ್ಲಿ ಕೋಡಿ ರಾಮಕೃಷ್ಣ ಅವರ ಇನ್ನೊಂದು ನಾಗರಹಾವು ಬಂತು. ಅದರಲ್ಲಿ, 2009ರಲ್ಲೇ ತೀರಿಕೊಂಡಿದ್ದ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನಲ್ಲಿ ಮರಳಿ ತಂದಿದ್ದರು. ಹೆಸರು ಒಂದೇ, ಎರಡರಲ್ಲೂ ವಿಷ್ಣುವರ್ಧನ್. 2004ಕ್ಕೆ ಹತ್ತಿರವಾದದ್ದು ಯಾವುದು? ಹನ್ನೆರಡು ವರ್ಷ ದೂರದ್ದೋ, ಮೂವತ್ತೆರಡು ವರ್ಷ ದೂರದ್ದೋ? ಯಂತ್ರ ತನ್ನ ಲೆಕ್ಕದಂತೆ ಹೊಸ ಹಾವನ್ನೇ ಮೇಲಿಟ್ಟಿತ್ತು. ಸತ್ತವರು ನಟಿಸುವುದುಂಟೇ ಎಂಬ ಸಂಶಯ ಅದಕ್ಕೆ ಬರಲಿಲ್ಲ.

ಚಿತ್ರದ ಮೂಲ ಕಾದಂಬರಿ ಬರೆದವರ ಹೆಸರು ಇನ್ನೊಂದು ತೊಡಕು. ಇಂಗ್ಲಿಷಿನಲ್ಲಿ ಒಂದು ಕಡೆ ತ.ರಾ.ಸು., ಇನ್ನೊಂದು ಕಡೆ ಟಿ.ಆರ್. ಸುಬ್ಬರಾವ್, ಯಂತ್ರಕ್ಕೆ ಇಬ್ಬರು ಬೇರೆ ಬೇರೆ ಗಂಡಸರು. “ಆ ‘ತ’ ಅಂದ್ರೆ ನಮ್ಮ ತಳುಕು ಅಲ್ಲೇನಪ್ಪಾ?” ಎಂದು ದೊಡ್ಡಪ್ಪ ಬೇಸರಪಟ್ಟುಕೊಂಡರು. ಚಳ್ಳಕೆರೆ ದಾರಿಯಲ್ಲಿ ಸಿಗುವ ತಳುಕು ಗೊತ್ತಿಲ್ಲದವರು ಜಾತಕ ಕೂಡಿಸಲು ಕೂತರೆ ಇನ್ನೇನಾದೀತು ಎಂಬ ಮುಖ.

ದೊಡ್ಡಪ್ಪ ನಾಗರಹಾವು ನೋಡಿದ್ದು ನಾಯಕನಹಟ್ಟಿ ಜಾತ್ರೆಗೆ ಬಂದ ಟೆಂಟಿನಲ್ಲಿ, ನೆಲದ ಟಿಕೆಟ್ಟಿನಲ್ಲಿ. ಇಸವಿ ಕೇಳಿದರೆ “ಕರೇ ಎತ್ತು ಸತ್ತ ವರ್ಷ” ಎನ್ನುತ್ತಾರೆ. ಅದಕ್ಕೊಂದು ಕಾಲಂ ನಮ್ಮಲ್ಲಿಲ್ಲ. ಆಟಕ್ಕೆ ಮುಂಚೆ ಹಾಕುವ ಘಂಟಸಾಲರ ವೆಂಕಟೇಶನ ಹಾಡು ಮುಗಿದು, ಪರದೆ ಬೆಳಗಿ, ಚಿತ್ರದುರ್ಗದ ಕೋಟೆ ಕಂಡಾಗ ಟೆಂಟಿಗೆ ಟೆಂಟೇ “ಅಗೋ ನಮ್ಮೂರು” ಎಂದಿತಂತೆ. ಓಬವ್ವನಾಗಿ ಜಯಂತಿ ಒನಕೆ ಎತ್ತಿದಾಗ ಹಿಂದಿನ ಸಾಲಿನ ಮುದುಕಿಯೊಬ್ಬಳು ಎದ್ದು ನಿಂತು, ಕೂರಲೇ ಇಲ್ಲವಂತೆ. ಕೊನೆಗೆ ನಾಯಕ ರಾಮಾಚಾರಿಯನ್ನು ಹುಡುಕಿ ಅವನ ಗುರು ಚಾಮಯ್ಯ ಮೇಷ್ಟ್ರು ಬೆಟ್ಟಕ್ಕೆ ಬರುವ ಹೊತ್ತಿಗೆ ಜನರೇಟರ್ ಕೆಟ್ಟಿತು. ಒಂದು ಗಂಟೆ ಕಾದು, ಬಯ್ದು, ಜನ ಕತ್ತಲಲ್ಲೇ ಊರಿನ ಹಾದಿ ಹಿಡಿದರು.

ಮುಂದೇನಾಯಿತೆಂದು ದೊಡ್ಡಪ್ಪನಿಗೆ ಗೊತ್ತಿಲ್ಲವೆಂದಲ್ಲ. ರಾಯದುರ್ಗದಲ್ಲಿ ಅದೇ ಕಥೆಯನ್ನು ತೆಲುಗಿನಲ್ಲಿ, ‘ಕೋಡೆನಾಗು’ ಎಂಬ ಹೆಸರಿನಲ್ಲಿ ನೋಡಿದ್ದಾರೆ. ಆದರೆ ಅದು ಶೋಭನ್ ಬಾಬು ಪಾಡು, ಅಲ್ಲಿಯ ಮೇಷ್ಟ್ರ ಪಾಡು. ನಮ್ಮ ಮೇಷ್ಟ್ರಿಗೂ ಅದಕ್ಕೂ ಏನು ಸಂಬಂಧ? ಟಿ.ವಿ.ಯಲ್ಲಿ ನಾಗರಹಾವು ಬಂದಾಗಲೆಲ್ಲ ಮೊದಲಿಂದ ಕೂತು ನೋಡುತ್ತಾರೆ. ಬೆಟ್ಟ ಬಂತೋ, “ಎಮ್ಮೆಗೆ ಮೇವು ಹಾಕ್ಬೇಕು” ಎಂದು ಎದ್ದು ಹೋಗುತ್ತಾರೆ. ಎಮ್ಮೆ ಮಾರಿ ನಾಲ್ಕು ವರ್ಷವಾಯಿತು. ಈಗಲೂ ಎದ್ದು ಹೋಗುತ್ತಾರೆ. ನಾಲ್ಕನೇ ಕ್ಲಾಸಿಗೆ ಅವರ ಶಾಲೆ ಬಿಡಿಸಿದಾಗ ಮೇಷ್ಟ್ರೊಬ್ಬರು ಮೂರು ದಿನ ಮನೆ ಬಾಗಿಲಿಗೆ ಬಂದು ಕೇಳಿಕೊಂಡಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ದೊಡ್ಡಪ್ಪ ಆ ವಿಷಯ ಎತ್ತಿದ್ದನ್ನು ನಾನು ಕೇಳಿಲ್ಲ.

ಕೊನೆಗೂ ಹಳೆಯ ನಾಗರಹಾವನ್ನು ಹುಡುಕಿ ಒಂದೇ ಟಿಕ್ ಒತ್ತಿದೆ. ಎಷ್ಟು ನಿಮಿಷ ಎಂಬ ಕಾಲಂ ಬಂದಾಗ ಕೈ ಸ್ವಲ್ಪ ತಡೆಯಿತು. ದೊಡ್ಡಪ್ಪನ ಚಿತ್ರ ಅದಕ್ಕಿಂತ ಗಿಡ್ಡ.

“ಕೂಡ್ತೇನಪ್ಪಾ?”

“ಕೂಡ್ತು ದೊಡ್ಡಪ್ಪ.”

“ಮೇಷ್ಟ್ರು ಅದಾರಾ ಅದ್ರಾಗೆ?”

ಪಾತ್ರವರ್ಗದಲ್ಲಿ ಮೇಷ್ಟ್ರ ಪಾತ್ರ ಮಾಡಿದ ಅಶ್ವಥ್ ಹೆಸರಿತ್ತು. “ಅದಾರೆ” ಎಂದೆ.

“ಸರಿ ಬಿಡು” ಎಂದು ಶೇಂಗಾ ಸಿಪ್ಪೆಯನ್ನು ಮೊರಕ್ಕೆ ಬಳಿದುಕೊಂಡು ದೊಡ್ಡಪ್ಪ ಖಾಲಿ ಕೊಟ್ಟಿಗೆಯ ಕಡೆ ಹೋದರು.