ಬಳ್ಳಿ ಯಾರದು?

ಒಂದು ಈದ್‌ಗೆ ನಮ್ಮ ಅಕ್ಕನ ಮಗಳು ಮೊಬೈಲಿನಲ್ಲೇ ಶುಭಾಶಯದ ಚಿತ್ರ ಬರೆದಳು. ನಡುವೆ ಉರ್ದುವಿನಲ್ಲಿ 'ಈದ್ ಮುಬಾರಕ್', ಸುತ್ತ ನಮ್ಮ ಹಾರನಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯ ಗೋಡೆಯಲ್ಲಿರುವ ಬಳ್ಳಿ. ನಾವು ಹೆಮ್ಮೆಯಿಂದ ನೆಂಟರಿಷ್ಟರಿಗೆಲ್ಲ ಕಳಿಸಿದೆವು. ನಾಲ್ಕೇ ದಿನದಲ್ಲಿ ಅದು ನಮಗೇ ತಿರುಗಿ ಬಂತು. ಕೆಳಗೆ ಯಾವುದೋ ಅಂಗಡಿಯ ಹೆಸರು, ಫೋನ್ ನಂಬರು! "ಮಾಮೂ, ಇದು ನನ್ನದು ಅಂತ ಇನ್ನು ಯಾರು ನಂಬುತ್ತಾರೆ?" ಎಂದಳು. ಆಮೇಲೆ ಎರಡು ತಿಂಗಳು ಅವಳು ಏನನ್ನೂ ಬರೆಯಲಿಲ್ಲ.

ಬೆಂಗಳೂರಿನಲ್ಲಿ ಡಿಜಿಟಲ್ ಕಲೆಯ ಕಮ್ಮಟವಿದೆ ಎಂದು ತಿಳಿದಾಗ ನಾವೇ ಅವಳನ್ನು ಕರೆದುಕೊಂಡು ಅರಸೀಕೆರೆಯಲ್ಲಿ ರೈಲು ಹತ್ತಿದೆವು. ಅಲ್ಲಿ ಮಾತೆಲ್ಲ ಇಂಗ್ಲಿಷು. ಹುಡುಗಿ ದಿನವಿಡೀ ಬಾಯಿ ಬಿಡಲಿಲ್ಲ. ಆದರೆ ಕಲಿತದ್ದು ಕಡಿಮೆಯಲ್ಲ. ಚಿತ್ರದ ಕಡತದೊಳಗೆ ಬರೆದವರ ಹೆಸರು, ದಿನಾಂಕ ಕಣ್ಣಿಗೆ ಕಾಣದಂತೆ ಇರಬಲ್ಲವು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅವು ಉದುರಿಹೋಗುತ್ತವೆ. 2004ರಲ್ಲಿ ಆರಂಭವಾದ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಚಿತ್ರದ ಜೊತೆಗೆ ಅದರ ಕರ್ತೃವಿನ ಹೆಸರೂ ಬಳಕೆಯ ಷರತ್ತೂ ಇರುತ್ತವೆ. 2012ರಿಂದ ನಮ್ಮ ದೇಶದವರೂ ಸ್ಮಾರಕಗಳ ಛಾಯಾಚಿತ್ರ ಸ್ಪರ್ಧೆಯ ಮೂಲಕ ಹಳೆಯ ಗುಡಿ, ಮಸೀದಿ, ಕೋಟೆಗಳ ಚಿತ್ರಗಳನ್ನು ಅಲ್ಲಿ ಸೇರಿಸಿದ್ದಾರೆ.

"ಹಾಗಾದರೆ ಹೆಸರನ್ನು ಚಿತ್ರದೊಳಗೇ ಹೆಣೆಯಬೇಕು ಮಾಮೂ," ಎಂದಳು, ಮರಳುವ ರೈಲಿನಲ್ಲಿ. ನಮಗೆ ನುಗ್ಗೇಹಳ್ಳಿ ನೆನಪಾಯಿತು. 1246ರ ಆ ಗುಡಿಯಲ್ಲಿ ಬೈಚೋಜ, ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಕೆಳಗೇ ಹೆಸರು ಕೊರೆದಿದ್ದಾರೆ. ಕಲ್ಲಿಗೆ ಪೆಟ್ಟು ಬೀಳದೆ ಆ ಹೆಸರು ಅಳಿಯದು. ನಾವು ಓದಿದ ಉರ್ದು ಪುಸ್ತಕಗಳಲ್ಲೂ ಪುಟದ ಮೂಲೆಯಲ್ಲಿ ಕಾತಿಬರ ಸಣ್ಣ ಸಹಿ ಇರುತ್ತಿತ್ತು. 1981ರಲ್ಲಿ ನೂರಿ ನಸ್ತಾಲೀಕ್ ಎಂಬ ಗಣಕಾಕ್ಷರ ಬಂದ ಮೇಲೆ ಕ್ರಮೇಣ ಆ ಮೂಲೆ ಖಾಲಿಯಾಯಿತು.

ಮುಂದಿನ ಭಾನುವಾರ ಅವಳು ಮತ್ತೆ ಗುಡಿಯ ಮುಂದೆ ಮೊಬೈಲು ಹಿಡಿದು ಕುಳಿತಳು. 1230ರ ದಶಕದ ಕಟ್ಟಡ. ಆನೆಗಳ ಸಾಲು, ಕುದುರೆಗಳ ಸಾಲು, ಅವುಗಳ ಮೇಲೆ ಸುತ್ತಿಸುತ್ತಿ ಹೊರಟ ಬಳ್ಳಿ. ನಮಗೆ ತಡೆಯಲಾಗಲಿಲ್ಲ. "ಬೇಟಿ, ಈ ಬಳ್ಳಿ ಯಾರದು?" ಎಂದು ಕೇಳಿಬಿಟ್ಟೆವು.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ನಮ್ಮ ಹೆಸರು ಹೋಯಿತೆಂದು ಅಷ್ಟೆಲ್ಲ ದುಃಖಿಸಿದ್ದೆವು. ಎಂಟುನೂರು ವರ್ಷದ ಹಿಂದಿನ ಕೈಯೊಂದರ ಬಳ್ಳಿಯನ್ನು ಎತ್ತಿಕೊಂಡಾಗ ಒಂದು ಮಾತನ್ನೂ ಬರೆದಿರಲಿಲ್ಲ.

ಹೊಸ ಚಿತ್ರದಲ್ಲಿ ಅವಳ ಹೆಸರು ಎಲೆಗಳ ನಡುವೆ ಹೆಣೆದುಕೊಂಡಿದೆ. ಕೆಳಗೆ ಇನ್ನೊಂದು ಸಾಲು: 'ಬಳ್ಳಿ: ಹಾರನಹಳ್ಳಿಯ ಶಿಲ್ಪಿಗಳದು.'

ಇಂಥ ಕಮ್ಮಟಗಳು ಅರಸೀಕೆರೆಯಂಥ ಊರಿಗೂ ಬರಲಿ, ಕನ್ನಡದಲ್ಲಿ, ಉರ್ದುವಿನಲ್ಲಿ ನಡೆಯಲಿ. ಮೊದಲ ಪಾಠಕ್ಕೆ ಕಂಪ್ಯೂಟರು ಬೇಕಿಲ್ಲ. ಮಕ್ಕಳನ್ನು ಆ ಗೋಡೆಯ ಮುಂದೆ ಕೂರಿಸಿ, ಬಳ್ಳಿ ಯಾರದೆಂದು ಕೇಳಿದರೆ ಸಾಕು.